ಸರದಿಗದ್ದಿಗೆ ಕೈತಪ್ಪಿದ ಬಗೆ

ಧಾರವಾಡ
ಕ್ರಿ.ಶ. ೨೧೬೮, ನೆರಳುಮಾಸದ ಅರವತ್ತೊಂದನೆಯ ದಿನ

ಮಹಾನಂದಜ್ಜಿಗೆ, ನಿನ್ನಿಂದ ಐದು ತಲೆ ಈಚೆಯ ದಾನಮ್ಮನ ಶರಣಾರ್ಥಿ.

ತಾರೀಕು ನೋಡಿ ಗಾಬರಿಯಾಗಬೇಡ. ಬೇಸಿಗೆಯ ತಿಂಗಳುಗಳನ್ನೆಲ್ಲ ಒಂದು ಮಾಡಿ ನಾವು ನೆರಳುಮಾಸ ಎನ್ನುತ್ತೇವೆ. ಆಗ ಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ. ನನ್ನ ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿದೆ.

ನೀವು ಹೆಂಗಸರು ಕಟ್ಟಿದ ಮಂಟಪ ಇನ್ನೂ ಇದೆ. ನಮ್ಮದು ಉದಾರ ಮನಸ್ಸಿನ ಧರ್ಮವೆಂದು ಊರು ಹೊಗಳುತ್ತದೆ. ಸೋಮವಾರ ಹೊತ್ತು ಇಳಿದ ಮೇಲೆ ತಂಪುಗೋಡೆಗಳಲ್ಲಿ, ಅಂದರೆ ನಮ್ಮ ಟೊಳ್ಳು ಗೋಡೆಗಳಲ್ಲಿ, ನೀರು ಹರಿಯತೊಡಗುತ್ತದೆ. ಜನ ಜಮಖಾನೆ ಹಾಸಿ ಕೂಡುತ್ತಾರೆ. ನುಚ್ಚು ಮಜ್ಜಿಗೆಯ ದಾಸೋಹ ನಡೆಯುತ್ತದೆ. ನೀವು ಹಾಕಿಕೊಟ್ಟ ಸರದಿಗದ್ದಿಗೆಯೂ ಮೊನ್ನೆಮೊನ್ನೆಯವರೆಗೆ ಇತ್ತು. ಈ ವಾರ ಒಂದು ಮನೆಯ ಹೆಂಗಸು, ಮರುವಾರ ಇನ್ನೊಂದು ಮನೆಯ ಗಂಡಸು ಗದ್ದಿಗೆಯಲ್ಲಿ ಕೂತು ವಚನ ಬಿಡಿಸಿ ಹೇಳಬೇಕು, ಹೊಸ ಕೂಸಿಗೆ ಲಿಂಗ ಕಟ್ಟಬೇಕು, ಕೊನೆಗೆ ತಾವೇ ದಾಸೋಹದ ಪಾತ್ರೆ ತಿಕ್ಕಬೇಕು. ಓದಿದವರು, ಓದದವರು ಎಂಬ ಭೇದವಿಲ್ಲ. ನನ್ನ ಅವ್ವ ಗದ್ದಿಗೆಯಲ್ಲಿ ತೊದಲುತ್ತಿದ್ದಳು. ಆದರೂ ಊರಿನ ದೊಡ್ಡ ಡಾಕ್ಟರು ಕೈಕಟ್ಟಿ ಕೇಳುತ್ತಿದ್ದರು.

ಆ ಗದ್ದಿಗೆ ಹೆಂಗಸರಾದ ನಮಗೆ ಹೇಗೆ ದಕ್ಕಿತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ದೊಡ್ಡ ಜಗಳವಾಗಿತ್ತಂತೆ. ಯಾರೊಂದಿಗೆ, ಯಾರು ನಿಮ್ಮ ಜೊತೆ ನಿಂತರು, ಯಾರು ಕೈಕೊಟ್ಟರು, ಒಂದೂ ತಿಳಿಯದು. ಮನೆಯಲ್ಲಿ ಉಳಿದದ್ದು ನಿನ್ನ ಒಂದೇ ಮಾತು: “ಈ ಜಗಳ ನಮ್ಮ ತಲಿಗೇ ಮುಗೀಲಿ, ಮಕ್ಕಳ ಕಿವಿಗಿ ಬೀಳೂದು ಬ್ಯಾಡ.” ಎಂಥ ದೊಡ್ಡ ಮನಸ್ಸು ನಿನ್ನದು! ಅದರ ಫಲವನ್ನು ನಾವು ಉಣ್ಣುತ್ತಿದ್ದೇವೆ.

ಹೋದ ವರ್ಷ ಮಂಟಪದ ಹಿರಿಯರಾದ ಶಿವಯೋಗಪ್ಪನವರು ನಗುನಗುತ್ತಲೇ ಒಂದು ಮಾತು ಮುಂದಿಟ್ಟರು: ಸರದಿ ಬೇಡ, ಯೋಗ್ಯರಾದವರು ಕೂರಲಿ. ನಾನು ಎದ್ದು ಕೂಡದು ಎಂದೆ. ಯಾಕೆಂದು ಕೇಳಿದರು, ಹಿಂದಿನವರು ಹಾಕಿಕೊಟ್ಟದ್ದು ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ನನ್ನ ಮಗಳು ಕೇತಲೆ ಎಲ್ಲರೆದುರು ನನ್ನ ಸೆರಗು ಜಗ್ಗಿ ಕೂರಿಸಿದಳು. “ಸಾಕ್ ಬಿಡಬೇ ಅವ್ವಾ. ನಮ್ಮನ್ನ ಯಾರು ತಡದಾರ? ನಮ್ಮೊಳಗ ಹೆಣ್ಣು ಗಂಡು ಅಂತ ಎಣಸೂದ ನಾಚಿಕಿಗೇಡು.” ಮೊದಲು ಕೈ ಎತ್ತಿ ಒಪ್ಪಿಗೆ ಕೊಟ್ಟವಳೂ ಅವಳೇ. ಹೊತ್ತು ಹೆತ್ತ ಮಗಳೇ ಕುತ್ತಿಗೆ ಕೊಯ್ದಳೆಂದು ಮನೆಗೆ ಬಂದು ಅತ್ತೆ. ಈಗ ಅನಿಸುತ್ತದೆ, ಅವಳ ತಪ್ಪೇನು? ಅವಳಿಗೆ ಏನನ್ನೂ ತಿಳಿಯಗೊಡದವಳು ನೀನು.

ಅಂದಿನಿಂದ ಗದ್ದಿಗೆಯಲ್ಲಿ ಒಬ್ಬ ಹೆಂಗಸೂ ಕೂತಿಲ್ಲ. ಯಾರೂ ತಡೆಯಲಿಲ್ಲ, ನಿಜ. ಯಾರೂ ಕರೆಯಲೂ ಇಲ್ಲ. ಎಣಿಸುವುದು ನಾಚಿಕೆಗೇಡಾದ್ದರಿಂದ ಯಾರೂ ಎಣಿಸಲಿಲ್ಲ. ಪಾತ್ರೆ ತಿಕ್ಕುವ ಸರದಿ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಅದಕ್ಕೆ ಯಾರೂ ಯೋಗ್ಯತೆ ಕೇಳುವುದಿಲ್ಲ.

ಮೊನ್ನೆ ಕೇತಲೆಗೆ ಹೆಣ್ಣು ಕೂಸಾಯಿತು. ಕೂಸಿಗೆ ನನ್ನ ಕೈಯಿಂದಲೇ ಲಿಂಗ ಕಟ್ಟಿಸಬೇಕೆಂಬ ಆಸೆಯಿಂದ ಮಂಟಪಕ್ಕೆ ಕೇಳಲು ಹೋದಳು. ಶಿವಯೋಗಪ್ಪನವರು ಕೂಸಿನ ಗಲ್ಲ ಸವರಿ, “ಅಜ್ಜಿ ಮುಂದ ಕೂತು ನೋಡ್ಲೆವ್ವಾ, ಕಟ್ಟಾಕ ಯೋಗ್ಯರದಾರಲ್ಲ” ಎಂದರಂತೆ. ಮನೆಗೆ ಬಂದವಳು ಕೂಸನ್ನು ನನ್ನ ಮಡಿಲಿಗೆ ಹಾಕಿ ಕೇಳಿದಳು, “ಅವ್ವಾ, ಗದ್ದಿಗಿ ಮೊದಲ ಹ್ಯಾಂಗ ಸಿಕ್ಕಿತ್ತ ನಮಗ? ಹೇಳಬೇ, ಹಂಗ ಮಾಡೂನು.” ಅದಕ್ಕೇ ನಿನಗೆ ಈ ಓಲೆ ಬರೆಯಲು ಕೂತೆ.

ಅಜ್ಜಿ, ನೀನಿನ್ನೂ ಬದುಕಿರುವ ಕಾಲಕ್ಕೆ ಇದನ್ನು ಬರೆಯುತ್ತಿದ್ದೇನೆ. ನಿನ್ನ ಮಗಳನ್ನು ಇವತ್ತೇ ಕೂರಿಸಿಕೊಂಡು ಹೇಳು. ನಿನ್ನನ್ನು ಯಾರು ತಡೆದರು, ಏನೆಂದು ಬೈದರು, ನೀನು ತಿರುಗಿ ಏನೆಂದೆ, ಹೆಸರು ಹಿಡಿದು ಹೇಳು. ಅವಳ ಮನಸ್ಸು ಕಹಿಯಾದರೆ ಆಗಲಿ.

ಬರುವ ಸೋಮವಾರ ನನ್ನ ಮೊಮ್ಮಗಳಿಗೆ ಲಿಂಗ ಕಟ್ಟುತ್ತಾರೆ. ನಾನು ಮುಂದೆ ಕೂತು ನೋಡುತ್ತೇನೆ.

ದಾನಮ್ಮ