ತಲೆಯಾಡಿಸಿದವನ ನಪಾಸು

ಹಿರೇಬೆಂಡಿಗೇರಿ, ಜನವರಿ ೧೯೮೩

ಮಾನ್ಯ ತರಬೇತಿ ಅಧಿಕಾರಿಗಳೇ,

ಡೀಸೆಲ್ ಎಂಜಿನ್ ತರಬೇತಿಯಲ್ಲಿ ನನ್ನನ್ನು ನಪಾಸು ಮಾಡಿದ್ದೀರಿ. ಎಂಜಿನ್ ಬಾರದ್ದಕ್ಕಲ್ಲ, ಇಂಗ್ಲಿಷ್ ಬಾರದ್ದಕ್ಕೆ. ಎರಡೂ ಒಂದೇ ಎಂದು ನಿಮ್ಮ ಕಚೇರಿ ಯಾವಾಗ ತೀರ್ಮಾನಿಸಿತೆಂದು ತಿಳಿಸಿದರೆ ಉಪಕಾರವಾದೀತು.

ನಾನು ಓದಿದ್ದು ಏಳನೆಯ ಇಯತ್ತೆ. ಹದಿನಾಲ್ಕು ವರ್ಷಗಳಿಂದ ಶಿಗ್ಗಾಂವ ಸುತ್ತಿನ ಹೊಲಗಳಲ್ಲಿ ಪಂಪಿನ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ನಟ್ಟು ತಿರುಗಿಸುವ ಪಾನಾದ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಹಚ್ಚಿದರೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲೆ. ಆದರೆ ನಮ್ಮೂರ ಕುಡಿಯುವ ನೀರಿನ ಪಂಪಿಗೆ ನೇಮಕವಾಗಲು ನಿಮ್ಮ ಸರ್ಟಿಫಿಕೇಟೇ ಬೇಕಂತೆ. ಅದಕ್ಕಾಗಿ ಆರು ತಿಂಗಳು ಬಂದು ಕುಳಿತೆ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಮುಗಿಸಿ ಮಾಸ್ತರರು ನನ್ನತ್ತ ನೋಡುತ್ತಿದ್ದರು; ನಾನು ತಿಳಿಯಿತೆಂಬಂತೆ ತಲೆಯಾಡಿಸುತ್ತಿದ್ದೆ. ಕಲಿಸುವವರ ಮುಂದೆ ತಿಳಿಯಲಿಲ್ಲ ಎಂದರೆ, ನಮ್ಮಲ್ಲಿ ಅದು ಅವರಿಗೆ ಕಲಿಸಲು ಬರುವುದಿಲ್ಲ ಎಂದಂತೆ. ಅವರೋ, ಅದನ್ನು ನಂಬಿ, ಕನ್ನಡದಲ್ಲಿ ಹೇಳುವ ಅಗತ್ಯ ಕಂಡುಬಂದಿಲ್ಲ ಎಂದು ವರದಿ ಬರೆದರು. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ಒಂದು ಸಲವಾದರೂ, ಏನು ತಿಳಿಯಿತು ಹೇಳು ಎಂದು ಕೇಳಲು ಯಾವ ಸರಕಾರಿ ಆದೇಶ ಅಡ್ಡಬಂದಿತ್ತು?

ಹಾಸ್ಟೆಲಿನಲ್ಲಿ ಉಳಿದವರೆಲ್ಲ ಕೂಡಿ ಪಾಠ ಓದುವಾಗ ನಾನು ವರ್ಕಶಾಪಿನ ಕಟ್ಟೆಯ ಮೇಲೆ ಒಬ್ಬನೇ ಇರುತ್ತಿದ್ದೆ. ಮಾತನಾಡಿಸುತ್ತಿದ್ದವರೆಂದರೆ ಅಲ್ಲಿಯ ಜವಾನ, ಸವಣೂರಿನ ಫಕ್ರುಸಾಬರು ಮಾತ್ರ. ಒಂದು ದಿನ ಕೇಳಿಯೇ ಬಿಟ್ಟರು: "ತಿಳೀದಿದ್ರ ತಲಿ ಯಾಕ ಅಲ್ಲಾಡಸ್ತಿ, ಉಳವಪ್ಪ?"

"ಸುಮ್ನ ಕುಂತ್ರ ನಾ ಅಲ್ಲಿ ಇದ್ದಂಗ ಇಲ್ಲ ಅನಸ್ತೈತ್ರಿ, ಚಾಚಾ."

ಅಷ್ಟು ಒಂಟಿಯಾಗಿದ್ದೆ, ಮಾನ್ಯರೇ. ಹದಿನಾಲ್ಕು ವರ್ಷ ಕೈಯಾರೆ ಮಾಡಿದ ಕೆಲಸದ ಬಗ್ಗೆಯೇ ಎಲ್ಲರೂ ಮಾತನಾಡುತ್ತಿದ್ದರು, ನನಗೊಂದು ಮಾತೂ ಸೇರಿಸಲು ಆಗುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಕೆಟ್ಟ ಎಂಜಿನ್ನನ್ನು ಎಲ್ಲರಿಗಿಂತ ಮೊದಲು ನಡೆಸಿದವನು ನಾನು. ಬರವಣಿಗೆಯಲ್ಲಿ ಸೊನ್ನೆ. ನೀರೆತ್ತುವ ಪಂಪು ನಿಮ್ಮ ಕಚೇರಿಯಲ್ಲಿ ಪ್ರಬಂಧ ಬರೆಯುತ್ತದೆಯೇ?

ಬರುವ ಮಾರ್ಚ್ ಕಳೆದರೆ ನನ್ನ ವಯೋಮಿತಿ ಮೀರುತ್ತದೆ. ಆಮೇಲೆ ನೀರಿನ ಪಂಪಿನ ಆ ನೌಕರಿ ನನಗೆ ಸಿಗುವುದಿಲ್ಲ. ಅದರೊಳಗೆ ಮತ್ತೊಮ್ಮೆ ಕರೆಯಿರಿ. ಯಾವುದೇ ಎಂಜಿನ್ ಮುಂದೆ ನಿಲ್ಲಿಸಿ, ಎಷ್ಟು ಕಠಿಣವಾದ ಪ್ರಶ್ನೆಯನ್ನಾದರೂ ಕನ್ನಡದಲ್ಲಿ ಕೇಳಿ. ಆಗಲೂ ತಪ್ಪಿದರೆ ಧಾರಾಳವಾಗಿ ನಪಾಸು ಮಾಡಿ. ಆ ನಪಾಸಾದರೂ ನನ್ನದಾಗಿರುತ್ತದೆ.

ಇಂತಿ,
ನಿಮ್ಮ ಕೇಂದ್ರಕ್ಕೆ ಒಂದು ದಿನವೂ ಗೈರುಹಾಜರಾಗದ
ಉಳವಪ್ಪ