ಕುತೊಗ್ ಎಂದರೆ

ಮರಿಂದುಕೆ,
ಆಗಸ್ಟ್ 9

ನನ್ನ ಮುದ್ದು ರೊವೆನಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಮುನಿಯಬೇಡ, ಕನ್ನಡಕದ ಕಾಲು ಮುರಿದಿದೆ, ಕೈಗೂ ಉಮೇದಿಲ್ಲ. ನಮ್ಮ ಹಳೆಯ ಮಾತುಗಳ ಅರ್ಥ ಬರೆದು ತರಲು ಮನಿಲಾದ ಕಾಲೇಜಿನಲ್ಲಿ ಹೇಳಿದ್ದಾರಂತೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳನ್ನು ಕೇಳುವ ಗತಿ ನಿಮ್ಮ ಮೇಷ್ಟರಿಗೆ ಬಂತೇ?

ಕುತೊಗ್ ಎಂದರೆ ಜೋರಾದ ಮಿಡಿತ. ನಾಡಿ ತನ್ನ ಪಾಡಿಗೆ ಬಡಿದರೆ ಅದಲ್ಲ. ಕೀವುಗಟ್ಟಿದ ಬೆರಳು ಒಳಗಿನಿಂದ ಗುದ್ದುತ್ತದಲ್ಲ, ಅದು. ಎಳೆಗೂಸಿನ ನೆತ್ತಿ ಏರಿಳಿಯುವುದೂ ಅದೇ. ಕೊನೆಗೆ 'ಗ್' ಸರಿಯಾಗಿ ಬರಬೇಕು. 'ಬ್' ಆದರೆ ಕುತೊಬ್. ಏನೋ ಆಗಲಿದೆ ಎಂದು ಮನಸ್ಸಿಗೆ ಮೊದಲೇ ಹೊಳೆಯುವುದು. ಕೋಳಿ ಅಂಕಕ್ಕೆ ಹೊರಟಾಗಲೆಲ್ಲ ನಿನ್ನ ತಾತನಿಗೆ ಕುತೊಬ್ ಬರುತ್ತಿತ್ತು, "ಇವತ್ತು ಕೆಂಪು ಹುಂಜ ಗೆಲ್ಲುತ್ತೆ ಕಣೇ!" ಗೆದ್ದದ್ದನ್ನು ನಾನಂತೂ ಕಾಣಲಿಲ್ಲ.

ತಾತ ತೀರಿಕೊಂಡ ನಲವತ್ತನೇ ದಿನದ ಪ್ರಾರ್ಥನೆ ಮುಗಿಯಿತು. ಬಾಳೆಲೆಯಲ್ಲಿ ಅಕ್ಕಿ ಕಡುಬು ಬೇಯಿಸಿದೆವು. ಆರೋಗ್ಯ ಕೇಂದ್ರದ ಕಾರ್ಯಕರ್ತೆ ಪಾಸಿಂಗ್ ಬಾಗಿಲವರೆಗೆ ಬಂದಳು. ನಿನ್ನಪ್ಪ ತಡೆದ.

"ಅಪ್ಪನ ಹೊಟ್ಟೇಲಿ ರಕ್ತನಾಳ ಒಡೆಯೋ ಮೊದಲೇ ಅಮ್ಮ ನಿನಗೆ ಬಂದು ಹೇಳಿದ್ರು. ನಕ್ಕು ಕಳಿಸಿದೆ. ಈಗ ಕಡುಬು ತಿನ್ನೋಕೆ ಬಂದ್ಯಾ?"

"ಅಣ್ಣಾ, ನನಗೆ ಕೇಳಿಸಿದ್ದೇ ಬೇರೆ."

"ಹಂಗಾದ್ರೆ ಕಿವಿ ತೊಳ್ಕೊಂಡು ಬಾ ಹೋಗು!"

ತಿಂಗಳ ಕೊನೆಯ ಊರಸಭೆಯಲ್ಲಿ ಅವಳನ್ನು ಕೆಲಸದಿಂದ ಬಿಡಿಸುತ್ತೇನೆಂದು ನಿನ್ನಪ್ಪ ಹಟ ಹಿಡಿದಿದ್ದಾನೆ. ಅವಳಿಗೆ ಎರಡು ಮಕ್ಕಳು, ಹಾಸಿಗೆ ಹಿಡಿದ ತಾಯಿ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಕೈ ನಿನ್ನ ಹಣೆಗೆ ತಾಗಿತೆಂದೇ ತಿಳಿ. ದೇವರು ಕಾಯಲಿ.

ನಿನ್ನ ಅಜ್ಜಿ,
ಟಿನಾಂಗ್

ತಾ.ಕ.: ಪಾಸಿಂಗ್‌ಗೆ ಸರಿಯಾಗಿಯೇ ಕೇಳಿಸಿತ್ತು, ನಾನು ಹೇಳಿದ್ದೇ ಕುತೊಬ್ ಎಂದು. ಮುದುಕ ಹೊಟ್ಟೆಯ ಮೇಲೆ ಕೈಯಿಟ್ಟು, "ಇಲ್ಲಿ ಕುತೊಗ್, ಮುಟ್ಟಿ ನೋಡೇ" ಎಂದಿದ್ದ. ನನ್ನ ಎಡಗಿವಿ ಮಂದ. ಅದನ್ನು ಒಪ್ಪದ ಬಾಯಿ ನನ್ನದು. "ಕುತೊಬ್ ಈಗ ಹೊಟ್ಟೆಗೂ ಇಳೀತಾ?" ಎಂದು ಅಣಕಿಸಿದೆ. ಮುಟ್ಟಲಿಲ್ಲ. ನಾನು ಪಾಸಿಂಗ್ ಹತ್ತಿರ ಹೋದದ್ದು ನಿನ್ನಪ್ಪ ಅಂದುಕೊಂಡಂತೆ ಔಷಧಿಗಲ್ಲ, ಆ ತಮಾಷೆ ಹೇಳಲು. ಇಬ್ಬರೂ ನಕ್ಕೆವು. ಆಮೇಲೆ ಆಸ್ಪತ್ರೆಯವರು "ಹೊಟ್ಟೇಲಿ ಏನಾದ್ರೂ ಬಡೀತಿತ್ತಾ ಅಜ್ಜೀ?" ಎಂದು ಕೇಳಿದಾಗಲೇ ನನಗೆ ಆ 'ಗ್' ಕೇಳಿಸಿದ್ದು.

ಇದನ್ನು ಊರಸಭೆಗೆ ಮೊದಲು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳು. ನಾನೇ ಹೇಳಲು ಎರಡು ಸಲ ಬಾಯಿ ತೆರೆದೆ. "ಸುಸ್ತಾಗಿದ್ದೀರಮ್ಮಾ, ಮಲಗಿ" ಎಂದ. ಮಲಗಿಬಿಟ್ಟೆ.