ಒಂದು ಬೆರಳಿನ ಜಾಗ

ಜನವರಿ 5, ಅಂಗಡಿ ತೆರೆಯುವ ಮುನ್ನ

ನಿನ್ನೆ ಬಾಡಿಗೆಗೆ ಹೋಗಿದ್ದ ಸ್ಕೀ ಬೂಟುಗಳನ್ನು ಹೀಟರ್ ಮುಂದೆ ಒಣಗಲು ಇಟ್ಟಿದ್ದೇನೆ. ಒದ್ದೆ ಉಣ್ಣೆಯ ವಾಸನೆ.

ಒಂದು ವಿಷಯ ಬರೆದುಬಿಡಬೇಕು. ಅಕ್ಕ ಕಿಂಗಾ ನಾರ್ವೆಗೆ ಕೆಲಸಕ್ಕೆ ಹೋದಳು, ಅವಳ ಮಗಳನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ — ಅಮ್ಮ ಊರಿಗೆಲ್ಲ ಹೇಳುವುದು ಹೀಗೆ. ನಾನೂ ತಲೆಯಾಡಿಸುತ್ತೇನೆ. ಸುಳ್ಳು. ಶಾಲೆಯ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಆಗ ಎರಡು ವರ್ಷದವಳಾಗಿದ್ದ ಕಲೀನಾ ನನಗೊಂದು ನೆಪ. ಈಗ ಅವಳಿಗೆ ಆರು. ನೆಪ ಅಂತ ಈಗ ಅನ್ನಲಾರೆ...

ಕಿಂಗಾ ಫೋನ್ ಮಾಡಿದ್ದಳು. ಅಲ್ಲಿ ಮನೆ ಸಿಕ್ಕಿತಂತೆ. ಮಗಳನ್ನು ಕರೆದೊಯ್ಯಲು ಬರುತ್ತಾಳಂತೆ.

"ಅಲ್ಲಿ ಶಾಲೇಲಿ ಎಲ್ಲ ಮಕ್ಕಳೂ ಸ್ಕೀ ಮಾಡ್ತವೆ. ಬೂಟು, ಬಟ್ಟೆ ನೀನೇ ಆರಿಸಿಡೇ ಯಾಗ್ನಾ."

ಸರಿ ಅಂದೆ.

ಜನವರಿ 9

ಕ್ರಾಕೋವ್ ನಗರದಿಂದ ನಮ್ಮೂರಿಗೆ ಸ್ಕೀ ಮಾಡಲು ಬಂದ ಒಬ್ಬ ಅಪ್ಪನ ಜೊತೆ ಜಗಳ. ನಮ್ಮವರದೆಲ್ಲ ಒಂದೇ ಚಾಳಿ. ಮಕ್ಕಳಿಗೆ ಏನು ಕೊಂಡರೂ 'ಬೆಳೆಯೋ ಲೆಕ್ಕಕ್ಕೆ' ದೊಡ್ಡದೇ. ಕೋಟು ಆದರೆ ಸರಿ. ಸ್ಕೀ ಬೂಟೂ ಹಾಗೇ ಬೇಕಂತೆ.

"ಎರಡು ಜೊತೆ ಕಾಲುಚೀಲ ಹಾಕಿದ್ರಾಯ್ತು ಬಿಡಮ್ಮ."

"ಒಳಗೆ ಕಾಲು ಕುಣಿದ್ರೆ ಸ್ಕೀ ತಿರುಗಲ್ಲ ಸಾರ್. ಮಗು ಬೀಳುತ್ತೆ."

"ನಿನಗೆಷ್ಟು ಮಕ್ಕಳು ತಾಯಿ?"

"ಒಂದು."

ಬಾಯಿಂದ ಬಂದುಬಿಟ್ಟಿತು. ಸರಿಪಡಿಸಲಿಲ್ಲ.

ಅವನು ಹೋದ ಮೇಲೆ ಅಂಗಡಿಯ ಯಜಮಾನ ಯೆಂದ್ರೆಕ್ ಮಾಮ, "ಬೂಟಿಗೆ ಹಾಕೋ ಹಾಗೆ ನಿನ್ನ ಬಾಯಿಗೂ ಒಂದು ಕೊಂಡಿ ಹಾಕ್ಬೇಕು ಕಣೇ" ಅಂದ. ಆಮೇಲೆ ನನ್ನ ಮುಖ ನೋಡಿ ಲೆಕ್ಕದ ಪುಸ್ತಕ ತೆರೆದ.

ಜನವರಿ 18

ಕಿಂಗಾ ಬಂದು ಎರಡು ದಿನ. ಇವತ್ತು ತಾಯಿ ಮಗಳಿಬ್ಬರನ್ನೂ ಅಂಗಡಿಗೆ ಕರೆತಂದೆ.

"ಎರಡು ಸೈಜು ದೊಡ್ಡದು ಕೊಡು. ಮೂರು ಚಳಿಗಾಲ ಬರ್ಲಿ" ಅಂದಳು ಕಿಂಗಾ.

"ಬೀಳ್ತಾಳೆ."

"ನನ್ನ ಮಗಳು ಕಣೇ."

ಬೇಕೆಂದೇ ಅಂದಳೋ, ಹಾಗೇ ಬಂತೋ.

ಅಷ್ಟರಲ್ಲಿ ಕಲೀನಾ ತಾನೇ ಒಂದು ನೀಲಿ ಜೊತೆ ಹಾಕಿಕೊಂಡು ನಿಂತಿದ್ದಳು. "ಇದೇ ಸರಿಯಾಗಿದೆ."

"ಬೆರಳು ಅಲ್ಲಾಡುತ್ತಾ?"

"ಹೂಂ." ಮುಖ ಕೆಂಪಗೆ.

ಒಳಗಿನ ಮೆತ್ತೆ ತೆಗೆದು, ಬರೀ ಪ್ಲಾಸ್ಟಿಕ್ಕಿನೊಳಗೆ ಕಾಲಿಡಿಸಿದೆ. ಬೂಟು ಸರಿಯಿದ್ದರೆ, ಕಾಲ್ಬೆರಳುಗಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ನನ್ನ ಕೈಯ ಒಂದು ಬೆರಳು ತೂರಬೇಕು. ಉಗುರೂ ತೂರಲಿಲ್ಲ. ಇಷ್ಟು ಹೊತ್ತೂ ಕಾಲ್ಬೆರಳು ಮಡಚಿಕೊಂಡು ನಿಂತಿದ್ದಳು.

"ಯಾಕೆ ಸುಳ್ಳು ಹೇಳ್ದೆ?"

"ಬೇಗ ಚಿಕ್ಕದಾಗ್ಲಿ ಅಂತ. ಆಗ ಬದಲಾಯಿಸೋಕೆ ನಿನ್ನ ಹತ್ರಾನೇ ಬರ್ಬೇಕಲ್ಲ ಚಿಕ್ಕಿ."

ಚಳಿಗಾಲ ಶುರುವಾಗುವಾಗ ಊರಿನ ಮಕ್ಕಳೆಲ್ಲ ಹಳೇ ಬೂಟು ತಂದು ದೊಡ್ಡದಕ್ಕೆ ಬದಲಾಯಿಸಿಕೊಳ್ಳುವುದು ಇಲ್ಲೇ. ಕೌಂಟರಿನ ಮೇಲೆ ಕೂತು ಪ್ರತಿ ವರ್ಷ ನೋಡಿದ್ದಾಳೆ. ಇಲ್ಲಿವರೆಗೆ ಚಿಕ್ಕ ಬೂಟು ಕೇಳಿದ ಮಗು ಇದೊಂದೇ.

ಕಿಂಗಾ ಕಿಟಕಿಯ ಕಡೆ ತಿರುಗಿಕೊಂಡಳು.

ಹೂಂ ಬಾ, ಅಂದುಬಿಡಬಹುದಿತ್ತು. ಆಗಲಿಲ್ಲ.

"ಅಲ್ಲೂ ಅಂಗಡಿ ಇದೆ ಪುಟ್ಟಿ. ಅಲ್ಲೇ ಬದಲಾಯಿಸಿಕೊಡ್ತಾರೆ."

ಅಳಲಿಲ್ಲ. ಯೋಚಿಸಿದಳು. "ಹಾಗಾದ್ರೆ ದೊಡ್ಡದು ಕೊಡು. ತುಂಬಾ ತುಂಬಾ ದೊಡ್ಡದು. ಯಾವತ್ತೂ ಬದಲಾಯಿಸ್ಬಾರ್ದು."

ಸರಿಯಾದ ಸೈಜೇ ಕೊಟ್ಟೆ. ಒಂದು ಚಳಿಗಾಲಕ್ಕೆ ಬರುತ್ತದೆ. ಮುಂದಿನದಕ್ಕೆ ಬೇರೆ ಯಾರೋ ಅವಳ ಕಾಲ ಬಳಿ ಕೂರುತ್ತಾರೆ.

ಜನವರಿ 20, ಮಧ್ಯಾಹ್ನ

ಹೆಲ್ಮೆಟ್, ಕೈಗವಸು, ತೆಳು ಕಾಲುಚೀಲ ಎಲ್ಲ ಕಟ್ಟಿಟ್ಟೆ. ಬೂಟು ಹಾಕಿಸುವುದನ್ನು ಕಿಂಗಾಗೆ ಕಲಿಸಿದೆ. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಬೇಕು, ಆಮೇಲೆ ಕೊಂಡಿ. ಮಂಡಿಯೂರಿ ಕೂತಳು. ಕೊಂಡಿಯನ್ನು ಎಳೆದು ಹಾಕಿದಳು.

"ಬಿಗಿಯಾಯ್ತೇನಮ್ಮಾ?"

ಕಲೀನಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಕಿಂಗಾ ಬಂದ ದಿನದಿಂದ ಅವಳನ್ನು ಗಿರಾಕಿಗಳ ಹಾಗೆ 'ನೀವು' ಅನ್ನುತ್ತಿದ್ದವಳು ಮೆಲ್ಲಗೆ, "ಸ್ವಲ್ಪ ಸಡಿಲ ಮಾಡು" ಅಂದಳು.

ಮಾಡಿ ಅಲ್ಲ. ಮಾಡು.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆಮೇಲೆ ಹೀಟರ್ ಇರುವ ಒಣಗಿಸುವ ಕೋಣೆಗೆ ಹೋಗಿ, ಒಣಗಿದ್ದ ಬೂಟುಗಳನ್ನೇ ಮತ್ತೆ ಒಣಗಲು ಇಟ್ಟು...

ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಾರೆ.